ಜಿರ್ಕೋನಿಯಾ ಬ್ರಿಡ್ಜ್: ಮಾಡೆಲ್ ಮೇಲೆ ಕೂರುತ್ತದೆ, ಬಾಯಲ್ಲಿ ಕೂರುವುದಿಲ್ಲ

ಘಟ್ಟದ ಡೆಂಟಿಸ್ಟ್, ಶಿರಸಿ:

ಎಲ್ಲರಿಗೂ ನಮಸ್ಕಾರ. ಒಬ್ಬರೇ ಪೇಷಂಟ್, ಎರಡು ಸಲ ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬಲು ಪಕ್ಕದ ಹಲ್ಲುಗಳ ಮೇಲೆ ಕೂರಿಸುವ ಸೇತುವೆ), ಎರಡೂ ಸಲ ಕೆಟ್ಟಿತು. ಅಡಿಕೆ ತೋಟದ ಹಿರಿಯರು, 62 ವರ್ಷ. ದಿನಕ್ಕೆ ಏಳೆಂಟು ಸಲ ಕವಳ (ಎಲೆ ಅಡಿಕೆ) ಹಾಕುತ್ತಾರೆ, ಹಲ್ಲೆಲ್ಲ ಸವೆದಿವೆ. ಕೆಳಗೆ ಬಲಗಡೆಯ 46ನೇ ನಂಬರಿನ ದವಡೆ ಹಲ್ಲು ತೆಗೆಸಿ ತುಂಬಾ ವರ್ಷವಾಗಿದೆ. ಅದರ ಅಕ್ಕಪಕ್ಕದ 45 ಮತ್ತು 47ರ ಮೇಲೆ ಮೂರು ಯೂನಿಟ್ (ಮೂರು ಹಲ್ಲಿನ) ಜಿರ್ಕೋನಿಯಾ, ಅಂದರೆ ಗಟ್ಟಿ ಸೆರಾಮಿಕ್ ಬ್ರಿಡ್ಜ್ ಹಾಕಿದೆ.

ಮೊದಲನೆಯದು ಮಾಡೆಲ್ (ಹಲ್ಲಿನ ಅಚ್ಚು) ಮೇಲೆ ಚೆನ್ನಾಗಿ ಕೂತಿತ್ತು. ಬಾಯಲ್ಲಿ ಪೂರ್ತಿ ಇಳಿಯಲೇ ಇಲ್ಲ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು. ಒಳಗೆ ಬರ್ (ಕೊರೆಯುವ ಸಣ್ಣ ಕಡ್ಡಿ) ಹಾಕಿ ಉಜ್ಜಿ ಕೂರಿಸಿದೆ. ಇಪ್ಪತ್ತು ದಿನಕ್ಕೆ ಕಳಚಿತು. ಎರಡನೆಯದು ಸಲೀಸಾಗಿ ಇಳಿಯಿತು, ಆದರೆ ಸಡಿಲ. ತಿಂಗಳೊಳಗೆ ಅದೂ ಕೈಗೆ ಬಂತು. ಲ್ಯಾಬ್‌ನವರು "ಪ್ರಿಪರೇಷನ್ ಸರಿ ಇಲ್ಲ" ಅನ್ನುತ್ತಾರೆ, ಅಂದರೆ ಹಲ್ಲನ್ನು ಕೊರೆದು ತಯಾರು ಮಾಡಿದ್ದು. ಏನು ಸರಿ ಇಲ್ಲ ಅಂತ ಹೇಳುವುದಿಲ್ಲ. ಹದಿನೈದು ವರ್ಷದಿಂದ ಪಿಎಫ್ಎಂ (ಲೋಹದ ಮೇಲೆ ಪಿಂಗಾಣಿಯ ಟೋಪಿ) ಕ್ರೌನ್‌ಗೆ ಮಾಡುವ ಹಾಗೆಯೇ ಇಲ್ಲೂ ಮಾಡಿದ್ದೇನೆ. ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ.

ಲ್ಯಾಬ್ ಬೆಂಚ್, ಕಾರವಾರ:

ಡಾಕ್ಟ್ರೇ, ಫೋಟೋ ನೋಡಿದೆ. 47ರ ಮೇಲ್ಭಾಗ ಗೋಡೆಗೆ ಸೇರುವ ಕಡೆ ಅಂಚು ಚಾಕುವಿನ ಹಾಗಿದೆ. ತೊಂದರೆ ಅಲ್ಲೇ ಇದೆ.

ಲೋಹವನ್ನು ನಾವು ಮೇಣದಲ್ಲಿ ಮಾಡಿ ಎರಕ ಹೊಯ್ಯುತ್ತೇವೆ. ಮೇಣ ಎಂಥ ಮೂಲೆಗೂ ಹರಿಯುತ್ತದೆ. ಜಿರ್ಕೋನಿಯಾ ಹಾಗಲ್ಲ, ಅದನ್ನು ಮಿಲ್ಲಿಂಗ್ ಮಷಿನ್ ಕೊರೆಯುತ್ತದೆ. ಸಿಂಟರಿಂಗ್‌ನಲ್ಲಿ (ಕುಲುಮೆಯಲ್ಲಿ ಸುಡುವಾಗ) 20ರಿಂದ 25 ಶೇಕಡಾ ಕುಗ್ಗುವುದರಿಂದ ಮೊದಲೇ ಅದಕ್ಕೆ ತಕ್ಕಷ್ಟು ದೊಡ್ಡದಾಗಿ ಕೊರೆಯುತ್ತೇವೆ. ಕೊರೆಯುವ ಬರ್‌ನ ತುದಿ ದುಂಡಗೆ, ಹೆಚ್ಚಾಗಿ 1 ಮಿಮೀ ಆಸುಪಾಸು. ಚೂಪು ಅಂಚಿಗೆ ಬೇಕಾದ ಸಣ್ಣ ಮೂಲೆಯೊಳಗೆ ಅದು ಹೋಗುವುದೇ ಇಲ್ಲ. ಆಗ ಎರಡೇ ದಾರಿ. ಸಾಫ್ಟ್‌ವೇರ್ ಹಾಗೇ ಬಿಟ್ಟರೆ ಆ ಮೂಲೆಯಲ್ಲಿ ಕ್ರೌನ್ ತಡೆಯುತ್ತದೆ, ಅಲ್ಲಾಡುತ್ತದೆ. ಬರ್ ಹಿಡಿಸುವಷ್ಟು ಜಾಸ್ತಿ ಕೊರೆಸಿದರೆ ಒಳಗೆ ಖಾಲಿ ಜಾಗ ಉಳಿದು ಸಡಿಲವಾಗುತ್ತದೆ. ನಿಮ್ಮ ಮೊದಲನೆಯದು ಮೊದಲ ದಾರಿ, ಎರಡನೆಯದು ಎರಡನೇ ದಾರಿ ಅಂತ ನನಗೆ ಅನ್ನಿಸುತ್ತದೆ.

ಮಾಡೆಲ್ ಮೇಲೆ ಯಾಕೆ ಕೂತಿತು ಅಂದರೆ, ಕಲ್ಲಿನ ಮಾಡೆಲ್‌ನಲ್ಲಿ ಆ ಚೂಪು ತುದಿ ನಾಲ್ಕು ಸಲ ಹಾಕಿ ತೆಗೆಯುವಾಗಲೇ ಸವೆದು ಹೋಗುತ್ತದೆ. ಬಾಯಲ್ಲಿರುವ ಹಲ್ಲು ಹಾಗೆ ಸವೆಯುವುದಿಲ್ಲ ಅಲ್ವಾ?

ಕರಾವಳಿ ಪ್ರಾಸ್ಥೋ, ಕುಮಟಾ:

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಮಷಿನ್‌ಗೆ ಆಗದ ಕೆಲಸವನ್ನು ಹಲ್ಲಿನ ಮೇಲೇ ಮಾಡಿ. ಎಲ್ಲ ಅಂಚನ್ನೂ ನುಣ್ಣಗೆ ದುಂಡಗೆ ಮಾಡಿ, ಬೆರಳ ಉಗುರು ಎಲ್ಲೂ ಸಿಕ್ಕಬಾರದು. ಮಾರ್ಜಿನ್ (ಕ್ರೌನ್ ಕೊನೆಯಾಗುವ ಅಂಚು) ಚಾಂಫರ್ (ಬಾಗಿದ ಮೆಟ್ಟಿಲು) ಇಲ್ಲವೇ ಒಳಮೂಲೆ ದುಂಡಗಿರುವ ಶೋಲ್ಡರ್ (ನೇರ ಮೆಟ್ಟಿಲು), ಸುಮಾರು 0.5ರಿಂದ 1 ಮಿಮೀ. ಬೆವೆಲ್ (ಅಂಚಿಗೆ ಓರೆ ಕೊಡುವುದು) ಬೇಡ. ಬರ್ ತನ್ನ ದಪ್ಪದ ಅರ್ಧಕ್ಕಿಂತ ಜಾಸ್ತಿ ಹಲ್ಲಿನೊಳಗೆ ಹೋದರೆ ಹೊರಗಡೆ ತುಟಿಯ ಹಾಗೆ ಅಂಚು ಉಳಿಯುತ್ತದೆ. ನಿಮ್ಮ 45ರ ನಾಲಗೆ ಕಡೆ ಅದು ಇದೆ, ನೋಡಿಕೊಳ್ಳಿ. ಸ್ಕ್ಯಾನರ್ ಅದನ್ನು ಸರಿಯಾಗಿ ಓದುವುದಿಲ್ಲ.

ಮೇಲಿನಿಂದ 1ರಿಂದ 1.5 ಮಿಮೀ ಸಾಕು. ಪಿಎಫ್ಎಂ ಅಭ್ಯಾಸದಲ್ಲಿ 2 ಮಿಮೀ ತೆಗೆದಿದ್ದೀರಿ ಅನ್ನಿಸುತ್ತದೆ, ಅದೂ ಸಪಾಟಾಗಿ. ಕವಳದಲ್ಲಿ ಸವೆದ ಹಲ್ಲು ಮೊದಲೇ ಗಿಡ್ಡ. ದವಡೆ ಹಲ್ಲಿಗೆ ಕನಿಷ್ಠ 4 ಮಿಮೀ ಎತ್ತರ ಉಳಿಯಬೇಕು, ಗೋಡೆಗಳ ಒಟ್ಟು ಓರೆ 6ರಿಂದ 12 ಡಿಗ್ರಿಯೊಳಗೆ. ನಿಮ್ಮ 47 ಫೋಟೋದಲ್ಲಿ 3 ಮಿಮೀ ಕೂಡ ಕಾಣುವುದಿಲ್ಲ. ಒಸಡು ಸ್ವಲ್ಪ ಇಳಿಸಿ ಕ್ರೌನ್ ಲೆಂಥನಿಂಗ್ ಮಾಡಿಸಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಸಿಮೆಂಟ್ ಬದಲಿಸಿ ಎತ್ತರದ ಕೊರತೆ ತುಂಬಲು ಹೋಗಬೇಡಿ.

46 ಇಲ್ಲದೆ 47 ಮುಂದಕ್ಕೆ ವಾಲಿದೆ. ಎರಡೂ ಹಲ್ಲಿನ ಗೋಡೆ ಒಂದೇ ದಾರಿಯಲ್ಲಿ ಇಳಿಯುತ್ತದೆಯೇ ಎಂದು ಒಂದೇ ಕಣ್ಣಲ್ಲಿ, ಕನ್ನಡಿ ಹಿಡಿದು ನೋಡಿ. ಕನೆಕ್ಟರ್ (ಒಂದು ಯೂನಿಟ್ ಇನ್ನೊಂದಕ್ಕೆ ಸೇರುವ ಜಾಗ) ಕನಿಷ್ಠ 9 ಚದರ ಮಿಮೀ ಇರಲಿ, ಅಗಲಕ್ಕಿಂತ ಎತ್ತರಕ್ಕೆ ಜಾಸ್ತಿ ಕೊಡಿ.

ಇಂಟರ್ನ್, ಹೊನ್ನಾವರ:

ಸರ್, ಒಳಗೆ ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಸಿಡ್ ಹಾಕಿದರೆ ಹಿಡಿತ ಬರುವುದಿಲ್ಲವೇ?

ಕರಾವಳಿ ಪ್ರಾಸ್ಥೋ, ಕುಮಟಾ:

ಇಲ್ಲಮ್ಮ. ಜಿರ್ಕೋನಿಯಾದಲ್ಲಿ ಗಾಜಿನ ಅಂಶವಿಲ್ಲ, ಆ ಆಸಿಡ್‌ಗೆ ಕರಗಲು ಏನೂ ಸಿಗುವುದಿಲ್ಲ. 50 ಮೈಕ್ರಾನ್ ಅಲ್ಯೂಮಿನಾದಲ್ಲಿ ಕಡಿಮೆ ಒತ್ತಡದ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಎಂಡಿಪಿ ಪ್ರೈಮರ್ (ಜಿರ್ಕೋನಿಯಾಕ್ಕೆ ಸಿಮೆಂಟ್ ಹಿಡಿಸುವ ದ್ರವ) ಹಚ್ಚಿ. ಟ್ರಯಲ್‌ನಲ್ಲಿ ಎಂಜಲು ತಾಗಿದ ಮೇಲೆ ಫಾಸ್ಫಾರಿಕ್ ಆಸಿಡ್‌ನಿಂದ ತೊಳೆಯಬೇಡಿ, ಎಂಡಿಪಿ ಹಿಡಿಯಬೇಕಾದ ಜಾಗವನ್ನು ಅದೇ ಹಿಡಿದುಬಿಡುತ್ತದೆ. ಹಾಗಾಗಿ ಸ್ಯಾಂಡ್‌ಬ್ಲಾಸ್ಟ್ ಟ್ರಯಲ್ ಆದ ಮೇಲೆ ಇಟ್ಟುಕೊಳ್ಳಿ.

ಘಟ್ಟದ ಡೆಂಟಿಸ್ಟ್, ಶಿರಸಿ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಸಡು ಇಳಿಸಿ, ವಾಸಿಯಾಗಲು ಎರಡು ತಿಂಗಳು ಬಿಟ್ಟೆವು. ಕೆಂಪು ಪಟ್ಟಿಯ ಫೈನ್ ಬರ್‌ನಲ್ಲಿ ಅಂಚೆಲ್ಲ ದುಂಡಗೆ ಮಾಡಿದೆ, 45ರ ತುಟಿ ತೆಗೆದೆ. 47ರ ಮುಂಬದಿ ಗೋಡೆ ಸ್ವಲ್ಪ ತಗ್ಗಿಸಿದ ಮೇಲೆ ದಾರಿ ಒಂದಾಯಿತು. ಈಗ ಎತ್ತರ 4 ಮಿಮೀಗೆ ಬಂದಿದೆ. ಹೊಸ ಬ್ರಿಡ್ಜ್ ಒಳಗೆ ಬರ್ ಮುಟ್ಟಿಸದೆ ಇಳಿಯಿತು. ಸಿಮೆಂಟ್ ಹಾಕುವ ಮೊದಲೇ ಎಳೆದರೆ ಬಿಗಿ ಗೊತ್ತಾಗುತ್ತಿತ್ತು. ಮೊನ್ನೆಗೆ ಮೂರು ತಿಂಗಳು, ಮಾರ್ಜಿನ್‌ನಲ್ಲಿ ಪ್ರೋಬ್ (ತಪಾಸಣೆಯ ಚೂಪು ಕಡ್ಡಿ) ಎಲ್ಲೂ ಸಿಕ್ಕಲಿಲ್ಲ.

ಹಿರಿಯರು "ಇನ್ನು ಆ ಬದಿಗೂ ಕವಳ ಹಾಕಬಹುದಲ್ಲ?" ಎಂದು ಕೇಳಿದರು. ಬಾಯಿ ತೆರೆಸಿ ಕೆನ್ನೆಯ ಒಳಗಿನ ಬಿಳಿ ಪಟ್ಟಿಗಳನ್ನು ಕನ್ನಡಿಯಲ್ಲಿ ತೋರಿಸಿದೆ. ಆ ಪಟ್ಟಿಗಳ ಪರೀಕ್ಷೆಗೆ ಮುಂದಿನ ವಾರ ಬರಲು ಒಪ್ಪಿದ್ದಾರೆ.