ಅಪ್‌ಡೇಟ್: ಎಂಆರ್‌ಐ ನಾರ್ಮಲ್, ಆದರೂ ತಲೆಸುತ್ತು ಅಂತ ಕೇಳಿದ್ದೆನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ತಲೆಸುತ್ತು, ತಲೆನೋವು, ಕತ್ತುನೋವು ಬಿಡ್ತಾ ಇಲ್ಲ, ರಿಪೋರ್ಟೆಲ್ಲ ನಾರ್ಮಲ್, ಏನು ಮಾಡಲಿ ಅಂತ. ನರರೋಗ ತಜ್ಞರಿಗೆ ತೋರಿಸಿ ಅಂದವರಿಗೆ ಥ್ಯಾಂಕ್ಸ್.

ಡಾಕ್ಟರು ಪಿಪಿಪಿಡಿ (PPPD) ಅಂದರು, ಅಂದರೆ ಬಿಡದೆ ಕಾಡುವ ಒಂದು ಬಗೆಯ ತಲೆಸುತ್ತು. ಮೊದಲು ಒಳಕಿವಿಯಲ್ಲಿ ಸಮತೋಲನಕ್ಕಿರುವ ಸಣ್ಣ ಹರಳು ಜಾರಿ, ಹಾಸಿಗೆಯಲ್ಲಿ ಮಗ್ಗುಲಾದರೆ ಸಾಕು, ಕೋಣೆಯೇ ತಿರುಗುತ್ತಿತ್ತು. ಹರಳು ಸರಿಹೋಯಿತು. ಮೆದುಳು ಮಾತ್ರ ಹೆದರಿಕೆ ಬಿಡಲಿಲ್ಲ. ಬಿದ್ದುಬಿಡ್ತೀನಿ ಅಂತ ಕತ್ತು ಬಿಗಿಹಿಡಿದು, ಬರೀ ಕಣ್ಣನ್ನೇ ನಂಬಿ ನಡೀತಿದ್ದೆನಂತೆ. ಮೂರು ತಿಂಗಳು ದಾಟಿದರಷ್ಟೇ ಈ ಹೆಸರು. ಇದನ್ನು ಗುರುತಿಸುವ ಲಕ್ಷಣಗಳನ್ನು ತಜ್ಞರು ಒಪ್ಪಿ ಪ್ರಕಟಿಸಿದ್ದೇ 2017ರಲ್ಲಿ. ‘ಸುಮ್ನೆ ಟೆನ್ಷನ್’ ಅಂದ ನಮ್ಮ ಚಿಕ್ಕಪ್ಪನಿಗೆ ಇದನ್ನು ತೋರಿಸಬೇಕು!

ಇದಕ್ಕೆ ವ್ಯಾಯಾಮ ಇದೆ: ದಿನಾ ಗೋಡೆ ಕ್ಯಾಲೆಂಡರಿನ ಒಂದೇ ಅಂಕಿ ನೋಡುತ್ತಾ ತಲೆ ಆಚೀಚೆ ಆಡಿಸಬೇಕು. ಶುರುವಿನಲ್ಲಿ ಹತ್ತು ಸೆಕೆಂಡಿಗೇ ವಾಕರಿಕೆ ಬರ್ತಿತ್ತು. ಈಗ ಒಂದು ನಿಮಿಷ ಆಗುತ್ತೆ.

ಇನ್ನೊಂದು ವಿಷಯ. ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು. ನಾನು ದಿನಾ ನುಂಗುತ್ತಿದ್ದೆ. ಡಾಕ್ಟರು ಹೇಳಿದಂತೆ ನಿಲ್ಲಿಸಿದೆ, ಮೊದಲ ವಾರ ಸಾಕುಸಾಕಾಯಿತು. ಈಗ ತಲೆನೋವು ವಾರಕ್ಕೊಮ್ಮೆ ಬಂದರೆ ಹೆಚ್ಚು.

ಮೊನ್ನೆ ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರಾಲಿ ಹಿಡಿಯದೆ ಓಡಾಡಿದೆ. ಬಸ್ಸಲ್ಲಿ ಮೊಬೈಲ್ ನೋಡೋಕೆ ಇನ್ನೂ ಆಗಲ್ಲ.