ಅವೆನ್ಯೂ ರೋಡ್‌ನಲ್ಲಿ ಅಂಗಡಿ ಮೇಲಿನ ಮನೆಗಳಲ್ಲಿ ಇದ್ದವರು ಯಾರಾದ್ರೂ ಇದೀರಾ?

ದೊಡ್ಡಪೇಟೆ ಮೊಮ್ಮಗ:

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಅವೆನ್ಯೂ ರೋಡ್‌ನಲ್ಲಿ, ಮದುವೆ ಆಗಿ 1976ರಲ್ಲಿ ಅಲ್ಲಿಂದ ಹೊರಗೆ ಬಂದ್ರು. ತಾತ ಚಿಕ್ಕಪೇಟೆ ಬಟ್ಟೆ ಅಂಗಡೀಲಿ ಲೆಕ್ಕ ಬರೀತಿದ್ರು. ಅಜ್ಜಿ ಕೊನೇವರೆಗೂ ಅವೆನ್ಯೂ ರೋಡ್ ಅಂತ ಹೇಳ್ಲೇ ಇಲ್ಲ, ಅವರ ಬಾಯಲ್ಲಿ ಅದು ದೊಡ್ಡಪೇಟೆನೇ.

ನಾನೀಗ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಮೇಲೆ ಆ ರಸ್ತೆ ಬರೀತಿದೀನಿ, ಮೈಸೂರ್ ಬ್ಯಾಂಕ್ ಸರ್ಕಲ್ ಕಡೆಯಿಂದ ಸಿಟಿ ಮಾರ್ಕೆಟ್‌ವರೆಗೆ, ಅಮ್ಮ ಚಿಕ್ಕವರಿದ್ದಾಗ ಹೆಂಗಿತ್ತೋ ಹಂಗೆ. ಅಂಗಡಿಗಳು ಒಂದಷ್ಟು ಸಿಕ್ಕಿವೆ ಆದ್ರೆ ಅಮ್ಮನ ಮನೆನೇ ಎಲ್ಲಿ ಬರೀಬೇಕು ಅಂತ ಗೊತ್ತಾಗ್ತಿಲ್ಲ. ಕಟ್ಟಡ ಕೆಡವಿ ಬಹಳ ವರ್ಷ ಆಯ್ತು. ಅಮ್ಮ ಹೇಳೋದು ಇಷ್ಟು: ಕೆಳಗಡೆ ಪುಸ್ತಕ ಬೈಂಡಿಂಗ್ ಮಾಡೋರು, ಪಕ್ಕದಲ್ಲಿ ಒಬ್ಬರು ಮಾತ್ರ ಹತ್ತೋ ಅಷ್ಟು ಕಿರಿದಾದ ಕತ್ತಲೆ ಮೆಟ್ಟಿಲು, ಮೇಲೆ ಉದ್ದಕ್ಕೆ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದೇ ನಲ್ಲಿ, ಬೀದಿ ಕಡೆ ಮರದ ಕಟಕಟೆ, ಅಲ್ಲಿ ನಿಂತ್ರೆ ಕರಗ ಕಾಣ್ತಿತ್ತು, ಭಾನುವಾರ ಬೆಳಿಗ್ಗೆ ಚರ್ಚ್‌ನಿಂದ ಕನ್ನಡದಲ್ಲೇ ಹಾಡು ಕೇಳ್ತಿತ್ತು. ಆಮೇಲೆ ಮನೆಯೆಲ್ಲಾ ಒಂಥರಾ ವಾಸನೆ ಅಂತಾರೆ, ಯಾವುದರ ವಾಸನೆ ಅಂತ ಅವರಿಗೂ ಹೇಳಕ್ಕೆ ಬರ್ತಿಲ್ಲ.

ಆ ರಸ್ತೆ ಬಗ್ಗೆ ಯಾರೇ ಬರೆದ್ರೂ ಹೋಲ್‌ಸೇಲ್ ಅಂಗಡಿ, ಹಳೇ ಪುಸ್ತಕ, ಟ್ರಾಫಿಕ್, ಇಷ್ಟೇ ಬರೀತಾರೆ. ಅಲ್ಲಿ ಸಂಸಾರಗಳಿದ್ವು, ಮಕ್ಕಳು ಆಡ್ತಿದ್ರು ಅನ್ನೋದು ಎಲ್ಲೂ ಸಿಗ್ತಿಲ್ಲ. ನಿಮಗೆ ಏನು ನೆನಪಿದ್ರೂ ಬರೀರಿ, ದಯವಿಟ್ಟು.

ಹಳೇ ಯುವಿಸಿಇ:

ನಾನು ಅಲ್ಲಿ ಮನೆ ಮಾಡಿದವನಲ್ಲ ಆದ್ರೆ ಓದಿದ್ದು ಆ ರಸ್ತೆ ದಯದಿಂದ. ಕೆ.ಆರ್. ಸರ್ಕಲ್‌ನಲ್ಲಿ ನಮ್ಮ ಇಂಜಿನಿಯರಿಂಗ್ ಕಾಲೇಜು, ಕ್ಲಾಸ್ ಮುಗಿದ್ರೆ ನಡ್ಕೊಂಡೇ ಮೈಸೂರ್ ಬ್ಯಾಂಕ್ ದಾಟಿ ಅವೆನ್ಯೂ ರೋಡಿಗೆ ಬರ್ತಿದ್ವಿ. ಎಂಬತ್ತರ ದಶಕ. ಸೆಮಿಸ್ಟರ್ ಶುರುವಲ್ಲಿ ಹಳೇ ಪುಸ್ತಕ ತಗೊಳ್ಳೋದು, ಪರೀಕ್ಷೆ ಮುಗಿದ ಮೇಲೆ ಅದೇ ಅಂಗಡಿಗೆ ವಾಪಸ್ ಕೊಟ್ರೆ ಅರ್ಧ ದುಡ್ಡು ಬರೋದು, ಹಾಳೆ ಹರಿದಿದ್ರೆ ಅದಕ್ಕೂ ಕಡಿಮೆ. ಮೊದಲ ಪುಟದಲ್ಲಿ ನಾಲ್ಕೈದು ಹೆಸರು ಇರ್ತಿದ್ವು, ಒಂದನ್ನ ಹೊಡೆದು ಕೆಳಗೆ ಇನ್ನೊಂದು. ನನಗೆ ಸಿಕ್ಕಿದ ಒಂದು ಪುಸ್ತಕದಲ್ಲಿ ಯಾರೋ ಹುಡುಗ ಕಷ್ಟದ ಲೆಕ್ಕಗಳನ್ನೆಲ್ಲಾ ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಲ್ಲಿ ಬಿಡಿಸಿಟ್ಟಿದ್ದ, ಆ ಪೇಪರ್ ನಾನು ಪಾಸಾಗಿದ್ದು ಅವನಿಂದ, ಅವನ್ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಪುಸ್ತಕ ವಾಪಸ್ ಕೊಡೋವಾಗ ಅದನ್ನ ಅಳಿಸಲಿಲ್ಲ, ಮುಂದಿನವನಿಗೂ ಬೇಕಾಗುತ್ತೆ ಅಂತ.

ಭಾನುವಾರ ಇನ್ನೂ ಚೆನ್ನಾಗಿರೋದು. ಶಟರ್ ಎಲ್ಲಾ ಮುಚ್ಚಿರ್ತಿತ್ತಲ್ಲ, ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತ್ ಮೇಲೆ ತಾಡಪಾಲು ಹಾಸಿ ಪುಸ್ತಕ ರಾಶಿ ಹಾಕೋರು.

ವಾಸನೆ ಬಗ್ಗೆ ಹೇಳಿದ್ರಲ್ಲ, ಅದು ಅಂಟಿನದು ಇರಬೇಕು ನೋಡಿ. ಬೈಂಡಿಂಗ್‌ನವರು ಮೈದಾ ಹಿಟ್ಟಿಗೆ ಮೈಲುತುತ್ತ (ನೀಲಿ ಹರಳಿನ ಕಾಪರ್ ಸಲ್ಫೇಟ್) ಹಾಕಿ ಕುದಿಸಿ ಅಂಟು ಮಾಡ್ತಿದ್ರು, ಮೈಲುತುತ್ತ ಇದ್ರೆ ಹುಳ ಬರಲ್ಲ, ಬೂಷ್ಟು ಹಿಡಿಯಲ್ಲ. ದಿನಾ ಕುದಿಸಿದ್ರೆ ಮೇಲಿನ ಮನೆಗೆ ಹೋಗದೇ ಎಲ್ಲಿಗೆ ಹೋಗುತ್ತೆ. ಅಮ್ಮನ್ನ ಒಮ್ಮೆ ಕೇಳಿ.

ಕಬ್ಬನ್‌ಪೇಟೆ ಹುಡುಗಿ:

ನಾನು ಕಬ್ಬನ್‌ಪೇಟೆಯವಳು, ಅವೆನ್ಯೂ ರೋಡ್ ಅಂದ್ರೆ ನಮಗೆ ಗಲ್ಲಿ ದಾಟಿದ್ರೆ ಸಿಗೋ ದೊಡ್ಡ ರೋಡು. ನಮ್ಮ ಕಡೆ ಆಗ ಮನೆಮನೇಲೂ ಮಗ್ಗ, ಬೆಳಿಗ್ಗೆಯಿಂದ ರಾತ್ರಿವರೆಗೂ ಲಾಳಿ ಶಬ್ದ. ಹಬ್ಬದ ದಿನ ಮಗ್ಗ ನಿಂತ್ರೆ ಕಿವಿ ತೂತಾದಂಗೆ ಅನಿಸೋದು, ಪಾಪ ಚಿಕ್ಕ ಮಕ್ಕಳು ಆ ಶಬ್ದ ಇಲ್ದೆ ಮಲಗ್ತಾನೇ ಇರ್ಲಿಲ್ಲ.

ನಿಮ್ಮಮ್ಮ ಕರಗ ಅಂದಿದ್ದು ಓದಿ ಮೈ ಜುಮ್ಮಂತು. ಚೈತ್ರ ಹುಣ್ಣಿಮೆ ರಾತ್ರಿ ತಿಗಳರಪೇಟೆ ಧರ್ಮರಾಯನ ಗುಡಿಯಿಂದ ಕರಗ ಹೊರಡೋಷ್ಟರಲ್ಲಿ ಮಧ್ಯರಾತ್ರಿ ಕಳೆದಿರುತ್ತೆ, ನಾವು ಮಕ್ಕಳು ಜಗಲಿ ಮೇಲೇ ನಿದ್ದೆ ಹೋಗ್ಬಿಡ್ತಿದ್ವಿ, ದೂರದಲ್ಲಿ ಗೋವಿಂದಾ ಗೋವಿಂದಾ ಅಂತ ಕೇಳಿದ ತಕ್ಷಣ ಅಜ್ಜಿ ಎಬ್ಬಿಸೋರು. ಮೊದಲು ಮಲ್ಲಿಗೆ ವಾಸನೆ ಬರುತ್ತೆ ರೀ, ಆಮೇಲೆ ವೀರಕುಮಾರರ ಕತ್ತಿ, ಆಮೇಲೆ ಕರಗ. ರಾತ್ರಿಯೆಲ್ಲಾ ಬೀದಿ ಬೀದೀಲಿ ಅರವಟ್ಟಿಗೆ, ಪಾನಕ, ಮಜ್ಜಿಗೆ, ಕೋಸಂಬರಿ. ಕಾಟನ್‌ಪೇಟೆ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತೆ, ಇದು ನಮಗೆ ಯಾರೂ ಪಾಠ ಮಾಡಿ ಹೇಳಿದ್ದಲ್ಲ, ಹುಟ್ಟಿದಾಗಿನಿಂದ ನೋಡಿದ್ದು.

ಅಮ್ಮನ್ನ ಇದೊಂದು ಕೇಳಿ: ಕರಗ ಕಟಕಟೆ ಕೆಳಗೇ ಹಾದು ಹೋಗ್ತಿತ್ತಾ ಅಥವಾ ಎದುರು ಗಲ್ಲಿಯಿಂದ ಹೊರಗೆ ಬರೋದು ಕಾಣ್ತಿತ್ತಾ? ಎದುರಿನಿಂದ ಬರೋದು ಕಂಡಿದ್ರೆ ಮನೆ ನಮ್ಮ ಕಬ್ಬನ್‌ಪೇಟೆ ಕಡೆ ಸಾಲಲ್ಲಿ ಅಲ್ಲ, ಎದುರು ಸಾಲಲ್ಲಿ ಇತ್ತು ಅಂತ ಅರ್ಥ.

ತುಮಕೂರು ಸ್ಟೇಷನರಿ:

ಅಣ್ಣ ನಮ್ದು ತುಮಕೂರು ಜಿಲ್ಲೇಲಿ ಒಂದು ಸಣ್ಣ ಸ್ಟೇಷನರಿ ಅಂಗಡಿ, ಅಪ್ಪ ಶುರು ಮಾಡಿದ್ದು. ಮೇ ತಿಂಗಳ ಕೊನೇಲಿ ಸ್ಕೂಲ್ ಶುರುವಾಗೋ ಮುಂಚೆ ಅಪ್ಪನ ಜೊತೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಬರ್ತಿದ್ದೆ. ನೋಟ್‌ಬುಕ್, ಗ್ರಾಫ್ ಶೀಟ್, ಸ್ಲೇಟು ಬಳಪ ಎಲ್ಲಾ ಡಜನ್ ಲೆಕ್ಕ. ಕೂಲಿಯವರು ತಲೆ ಮೇಲೆ ಮೂಟೆ ಇಟ್ಕೊಂಡು ಜನದ ಮಧ್ಯೆ ಓಡ್ತಿದ್ರೆ ಅವರ ಹಿಂದೆ ಅಪ್ಪನ ಪಂಚೆ ಚುಂಗು ಹಿಡ್ಕೊಂಡು ನಾನು. ಒಂದು ವರ್ಷ ಮಳೆ ಇಲ್ಲ ಬೆಳೆ ಇಲ್ಲ, ಊರಲ್ಲಿ ವ್ಯಾಪಾರ ಬಿದ್ದೋಗಿತ್ತು, ಅಪ್ಪ ಬರೀ ಕೈಲಿ ಹೋಗಿ ನಿಂತ್ರೆ ಸೇಠು ಏನೂ ಕೇಳ್ದೆ ಉದ್ದರಿ ಮೇಲೆ ಮೂಟೆ ಕಟ್ಟಿಸಿ ಕಳ್ಸಿದ್ರು. ಕೆಂಪು ಬಟ್ಟೆ ಹೊದಿಸಿದ ಉದ್ದದ ಲೆಕ್ಕದ ಪುಸ್ತಕ ಇರ್ತಿತ್ತಲ್ಲ, ಅದರಲ್ಲಿ ಅಪ್ಪನ ಹೆಸರು ಬರ್ಕೊಂಡ್ರು, ಅಷ್ಟೇ, ಸಹಿ ಇಲ್ಲ ಏನಿಲ್ಲ. ಮೂರು ಕಂತಲ್ಲಿ ತೀರಿಸಿದ್ವಿ. ಅಪ್ಪ ಹೋದ ಮೇಲೆ ನಾನು ಬೇರೆ ಕಡೆ ಕಡಿಮೆ ರೇಟಿಗೆ ಸಿಕ್ಕಿದ್ರೂ ಅಲ್ಲಿಗೇ ಹೋಗ್ತಿದ್ದೆ, ಈಗ ಆ ಅಂಗಡಿ ಇಲ್ಲ.

ಅಂಥಾ ಕೆಂಪು ಪುಸ್ತಕ ಹೊಲೀತಿದ್ದ ಬೈಂಡಿಂಗ್‌ನವರು ಚಿಕ್ಕಪೇಟೆ ಮೂಲೆ ಆಸುಪಾಸಲ್ಲೂ ಇದ್ರು, ನಾನು ನೋಡಿದೀನಿ.

ಪೇಟೆ ಸುತ್ತಾಡೋನು:

ಚರ್ಚ್ ಅಂದ್ರೆ ಅದು ರೈಸ್ ಮೆಮೋರಿಯಲ್ ಚರ್ಚ್, ಬೆಂಜಮಿನ್ ಹೋಲ್ಟ್ ರೈಸ್ ಅನ್ನೋ ಪಾದ್ರಿ ಹೆಸರಲ್ಲಿರೋದು. ಅವರ ಮಗನೇ ಶಾಸನಗಳನ್ನ ಹುಡುಕಿ ಓದಿಸಿದ ಬಿ.ಎಲ್. ರೈಸ್, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಅಲ್ಲಿ ಆರಾಧನೆ ಕನ್ನಡದಲ್ಲೇ ನಡೆಯುತ್ತೆ, ಹಾಗಾಗಿ ನಿಮ್ಮಮ್ಮ ಹೇಳಿದ ಹಾಡು ಸರಿಯಾಗಿದೆ.

ಇನ್ನೊಂದು, ದೊಡ್ಡಪೇಟೆ ಚಿಕ್ಕಪೇಟೆ ಸೇರೋ ಚೌಕ ಇದ್ಯಲ್ಲ, 1537ರಲ್ಲಿ ಕೆಂಪೇಗೌಡರು ನಾಲ್ಕು ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದ್ದು ಅಲ್ಲಿಂದನೇ ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದಾರೆ. ನಿಮ್ಮ ಮ್ಯಾಪ್‌ನಲ್ಲಿ ಆ ಚೌಕ ಮೊದಲು ಬರೀರಿ, ಮೇಲ್ಗಡೆ ತುದೀಲಿ ಯಲಹಂಕ ಗೇಟ್ ಆಂಜನೇಯನ ಗುಡಿ ಬರೀರಿ, ಕೋಟೆಯ ಬಾಗಿಲು ಹೋಗಿ ಯಾವ ಕಾಲ ಆಯ್ತೋ, ಹೆಸರು ಮಾತ್ರ ಆಂಜನೇಯ ಇಟ್ಕೊಂಡಿದಾನೆ. ಕೆಳಗೆ ಸಿಟಿ ಮಾರ್ಕೆಟ್. ಇವು ಕದಲದ ಗುರುತುಗಳು, ಅಂಗಡಿ ಹೆಸರು ಇಟ್ಕೊಂಡು ಹುಡುಕಿದ್ರೆ ಸಿಗಲ್ಲ ಸರ್, ಬೋರ್ಡುಗಳು ಬದಲಾಗಿವೆ. ಮೈಸೂರ್ ಬ್ಯಾಂಕ್‌ನೇ ನೋಡಿ, 1913ರಿಂದ ಇದ್ದದ್ದು 2017ರಲ್ಲಿ ಸ್ಟೇಟ್ ಬ್ಯಾಂಕ್ ಜೊತೆ ಸೇರಿಹೋಯ್ತು, ಆದ್ರೂ ಬಸ್ ಕಂಡಕ್ಟರ್ ಕೂಗೋದು ಮೈಸೂರ್ ಬ್ಯಾಂಕ್ ಅಂತಾನೇ.

ಅಮ್ಮನ್ನ ಕರ್ಕೊಂಡೇ ಬನ್ನಿ. ಚಿಕ್ಕಪೇಟೆಯಲ್ಲೇ ಮೆಟ್ರೋ ಇಳೀಬಹುದು, ಭಾನುವಾರ ಬೆಳಿಗ್ಗೆ ಆದ್ರೆ ಗಾಡಿ ಕಾಟ ಕಡಿಮೆ. ನಾನೂ ಬರ್ತೀನಿ.

ದೊಡ್ಡಪೇಟೆ ಮೊಮ್ಮಗ:

ಎಲ್ಲರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ಅಮ್ಮಂಗೆ ಎಲ್ಲಾ ಓದಿ ಹೇಳ್ದೆ. ಮೈಲುತುತ್ತ ಅಂದ ತಕ್ಷಣ ನನ್ನ ಕೈ ಹಿಡ್ಕೊಂಡ್ರು. ಅದೇ ಕಣೋ ಅದೇ ಅಂತ. ಬೈಂಡಿಂಗ್ ತಾತನ ಉಗುರು ಯಾವಾಗ್ಲೂ ನೀಲಿ ಇರ್ತಿತ್ತಂತೆ, ಅಮ್ಮ ಚಿಕ್ಕವರಿದ್ದಾಗ ಅವರು ಕೃಷ್ಣನ ಹಂಗೆ ಹುಟ್ಟಿದಾರೆ ಅಂದ್ಕೊಂಡಿದ್ರಂತೆ. ಜೂನ್ ಬಂದ್ರೆ ಉಳಿದ ಕ್ಯಾಲಿಕೋ ಬಟ್ಟೆ ತುಂಡಲ್ಲಿ ನಾಲ್ಕೂ ಮನೆ ಮಕ್ಕಳ ಪುಸ್ತಕಕ್ಕೆ ದುಡ್ಡು ತಗೊಳ್ದೆ ರಟ್ಟು ಹಾಕಿ ಕೊಡೋರಂತೆ. ಇಷ್ಟು ವರ್ಷದಲ್ಲಿ ಈ ತಾತನ ಬಗ್ಗೆ ಅಮ್ಮ ಒಂದು ಸಲಾನೂ ಹೇಳಿರ್ಲಿಲ್ಲ.

ಕಬ್ಬನ್‌ಪೇಟೆ ಅಕ್ಕ, ಕರಗ ಎದುರು ಗಲ್ಲಿಯಿಂದ ಬರೋದು ಕಾಣ್ತಿತ್ತಂತೆ. ಗಲ್ಲಿ ಬಾಯಲ್ಲಿ ಮೊದಲು ಪಂಜಿನ ಬೆಳಕು ಕಾಣೋದು, ಆಗ ನಮ್ಮ ತಾತ ಅಮ್ಮನ್ನ ಎತ್ಕೊಂಡು ಕಟಕಟೆ ಮೇಲೆ ಕೂರಿಸೋರು ಅಂತ ಹೇಳಿದ್ರು. ಅಂದ್ರೆ ಚಿಕ್ಕಪೇಟೆ ಕಡೆ ಸಾಲು. ನಾನು ಇಷ್ಟು ದಿನ ಉಲ್ಟಾ ಸಾಲಲ್ಲಿ ಹುಡುಕ್ತಿದ್ದೆ!

ಈ ಭಾನುವಾರ ಬೆಳಿಗ್ಗೆ ಏಳೂವರೆಗೆ ಆಂಜನೇಯನ ಗುಡಿ ಮುಂದೆ ಇರ್ತೀವಿ. ಅಲ್ಲಿಂದ ನಿಧಾನಕ್ಕೆ ಕೆಳಗೆ ನಡೀತೀವಿ, ಅಮ್ಮನ ಮಂಡಿ ನೋವು, ಅದಕ್ಕೇ ಮಡಚೋ ಸ್ಟೂಲ್ ತರ್ತಿದೀನಿ. ಶೀಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅಮ್ಮ ಆಗಲೇ ಬಾಗಿಲ ಹತ್ರ ಇಟ್ಟಿದಾರೆ.

ಕಬ್ಬನ್‌ಪೇಟೆ ಹುಡುಗಿ:

ನಾನೂ ಬರ್ತೀನಿ, ನಮ್ಮಮ್ಮನ್ನೂ ಕರ್ಕೊಂಡು. ಅವರಿಗೂ ಆ ಬೈಂಡಿಂಗ್ ತಾತ ಗೊತ್ತಂತೆ, ಮಗ್ಗದ ಲೆಕ್ಕದ ಪುಸ್ತಕ ಹೊಲಿಸ್ತಿದ್ದಿದ್ದು ಅಲ್ಲೇ ಅಂತಿದಾರೆ. ಸ್ಟೂಲ್ ಎರಡು ತನ್ನಿ.