ಮಂಗಳೂರಲ್ಲಿ ಯಾವ ಏರಿಯಾದಲ್ಲಿ ಉಳಿದರೆ ಒಳ್ಳೆಯದು? ಅತ್ತೆಗೆ ಮಂಡಿನೋವು, ಮಕ್ಕಳಿಗೆ ಸಮುದ್ರ ಬೇಕು

ಮಲ್ಲಿಗೆ_ಹಾಸನ:
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಹಾಸನದಿಂದ ಮಂಗಳೂರಿಗೆ ಹೋಗೋಣ ಅಂತಿದ್ದೇವೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಶುಕ್ರವಾರ ಸಂಜೆ ತಲುಪಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುವುದು. ಕಾರಿಲ್ಲ, ಬಸ್ಸಲ್ಲೇ ಹೋಗಬೇಕು. ರೂಮ್ ಹುಡುಕಲು ಕೂತರೆ ಹಂಪನಕಟ್ಟೆ, ಬಿಜೈ, ಕದ್ರಿ, ಸುರತ್ಕಲ್, ಉಳ್ಳಾಲ ಅಂತ ಒಂದೇ ಸಮನೆ ಹೆಸರು ಬರುತ್ತವೆ, ಎಲ್ಲದರ ಕೆಳಗೂ ಬೀಚ್‌ಗೆ ಹತ್ತಿರ ಅಂತ ಬರೆದಿರುತ್ತಾರೆ, ಮ್ಯಾಪ್ ತೆಗೆದರೆ ಹಾಗೇನೂ ಕಾಣುವುದಿಲ್ಲ. ಮಕ್ಕಳಿಗೆ ಸಮುದ್ರ ಬಿಟ್ಟು ಬೇರೆ ಏನೂ ಬೇಡ. ಅತ್ತೆಗೆ ಕದ್ರಿ, ಕುದ್ರೋಳಿ ಎರಡೂ ದೇವಸ್ಥಾನ ನೋಡಬೇಕು. ಅವರಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ, ಮೀನು ಮುಟ್ಟುವುದಿಲ್ಲ. ನಮ್ಮನೆಯವರಿಗೆ ಮೀನೂಟ ಬೇಕೇ ಬೇಕು. ಗೊತ್ತಿದ್ದವರು ಹೇಳಿ ಪ್ಲೀಸ್.

ಬೇಲೂರಿನವನು:
ಮೇಡಂ, ಮ್ಯಾಪ್ ಹೇಳುವುದೇ ನಿಜ. ಮಂಗಳೂರು ಪೇಟೆ ಕಡಲ ದಡದಲ್ಲಿ ಇಲ್ಲ. ನೇತ್ರಾವತಿ ಒಂದು ಕಡೆಯಿಂದ, ಗುರುಪುರ ಹೊಳೆ ಇನ್ನೊಂದು ಕಡೆಯಿಂದ ಬಂದು ಅಳಿವೆಯಲ್ಲಿ ಸೇರುತ್ತವೆ. ಪೇಟೆ ಆದ ಮೇಲೆ ಹೊಳೆ, ಹೊಳೆಯಾಚೆ ಬೆಂಗ್ರೆಯ ಮರಳು, ಆಮೇಲೆ ಸಮುದ್ರ. ಪೇಟೆಯಲ್ಲಿ ಎಲ್ಲೇ ಉಳಿದರೂ ಬೀಚ್‌ಗೆ ಬಸ್ಸೋ ಆಟೋನೋ ಹಿಡಿಯಲೇಬೇಕು. ಪಣಂಬೂರು ಸುಮಾರು 10 ಕಿಲೋಮೀಟರ್.

ನಾನು ಓದಿದ್ದು ಅಲ್ಲೇ. ನಿಮ್ಮ ಮನೆಯವರನ್ನೆಲ್ಲ ಲೆಕ್ಕ ಹಾಕಿದರೆ ಬಿಜೈ ಇಲ್ಲವೇ ಕದ್ರಿ ಅಂತೀನಿ. ಹಾಸನದಿಂದ ಹೋಗುವ ಕೆಎಸ್‌ಆರ್‌ಟಿಸಿ ಬಸ್ ಕೊನೆಗೆ ನಿಲ್ಲುವುದು ಬಿಜೈಯಲ್ಲಿ. ಲಗೇಜು, ಮಕ್ಕಳು, ವಯಸ್ಸಾದವರು, ಎಲ್ಲರನ್ನೂ ಕರೆದುಕೊಂಡು ಇಳಿದ ತಕ್ಷಣ ರೂಮ್ ಸೇರುವುದು ಎಷ್ಟೋ ಆರಾಮ. ಕದ್ರಿ ದೇವಸ್ಥಾನ ಅಲ್ಲಿಂದ ಆಟೋದಲ್ಲಿ ಹತ್ತಿರ. ಅಲ್ಲಿನ ಲೋಕೇಶ್ವರ ಕಂಚಿನ ವಿಗ್ರಹವನ್ನು ನಿಂತು ನೋಡಿ, ಅದರ ಶಾಸನ 968ನೇ ಇಸವಿಯದು. ಮೇಲಿನ ಕೆರೆಗಳಿಗೆ ಮೆಟ್ಟಿಲು ಹತ್ತಬೇಕು, ಅತ್ತೆಯವರಿಗೆ ಅದು ಬೇಡ. ಹತ್ತಿರದಲ್ಲೇ ಕದ್ರಿ ಪಾರ್ಕ್ ಇದೆ, ಮಕ್ಕಳಿಗೆ ಸಂಜೆ ಕಳೆಯುತ್ತದೆ.

ಹಂಪನಕಟ್ಟೆಯಲ್ಲಿ ಊಟ ತಿಂಡಿಗೆ, ಸಿಟಿ ಬಸ್ಸಿಗೆ ಅನುಕೂಲ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ. ಆದರೆ ಬೆಳಗಾಗುವ ಮೊದಲೇ ಹಾರ್ನ್ ಶುರು. ರೂಮ್ ಬೇಕಿದ್ದರೆ ಹಿಂಬದಿ ಕೇಳಿ ತಗೊಳ್ಳಿ.

ಇನ್ನೊಂದು, ಮಂಗಳೂರು ಅಂದರೆ ಪೂರ್ತಿ ಏರು, ಇಳಿಜಾರು. ಮ್ಯಾಪಲ್ಲಿ ಐದು ನಿಮಿಷದ ನಡಿಗೆ ಅಂತ ಕಂಡರೆ ಅದು ಬಾವುಟಗುಡ್ಡೆ ಹತ್ತುವ ಐದು ನಿಮಿಷವೂ ಆಗಿರಬಹುದು. ಬುಕ್ ಮಾಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಲಿಫ್ಟ್ ಇದೆಯಾ, ಆಟೋ ಬಾಗಿಲವರೆಗೆ ಬರುತ್ತದಾ.

ಗಿರಿಸಾಲು_ಚಿಕ್ಕಮಗಳೂರು:
ನಾನು ಒಪ್ಪುವುದಿಲ್ಲ ಬೇಲೂರಿನವರೇ. ಗುಡ್ಡ, ಪೇಟೆ, ಟ್ರಾಫಿಕ್ಕು ನಮ್ಮ ಕಡೆ ಇಲ್ವಾ? ಘಟ್ಟ ಇಳಿದು ಹೋಗುವುದೇ ಸಮುದ್ರಕ್ಕೆ. ಮಕ್ಕಳಿಗೆ ಬೆಳಿಗ್ಗೆ ಎದ್ದ ಕೂಡಲೇ ಅಲೆ ಕಾಣಬೇಕು. ಸುರತ್ಕಲ್‌ನಲ್ಲಿ ಉಳಿಯಿರಿ. ಲೈಟ್‌ಹೌಸ್ ಇದೆ, ಕಡಲಿಗೆ ಅಂಟಿಕೊಂಡೇ ಸದಾಶಿವ ದೇವಸ್ಥಾನ ಇದೆ, ಅತ್ತೆಯವರಿಗೂ ಇಷ್ಟ ಆಗುತ್ತದೆ. ಪೇಟೆಗೆ ಹೆದ್ದಾರಿಯಲ್ಲಿ ಬಸ್ಸು ಒಂದರ ಹಿಂದೆ ಒಂದು. ಪಣಂಬೂರು ದಾರಿಯಲ್ಲೇ ಸಿಗುತ್ತದೆ.

ಉಳ್ಳಾಲ ಕಡೆಯ ಸೋಮೇಶ್ವರ ಬೀಚ್ ಬಹಳ ಚಂದ, ಸೋಮನಾಥ ದೇವಸ್ಥಾನದ ಮುಂದೆ ಬಂಡೆಗಳ ಮೇಲೆ ಅಲೆ ಹೊಡೆಯುವುದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಆದರೆ ಅಲ್ಲಿ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಬಂಡೆ ಜಾರುತ್ತದೆ, ಸೆಳೆತ ಜಾಸ್ತಿ. ನೀರಲ್ಲಿ ಆಡಲೇಬೇಕು ಅಂದರೆ ಪಣಂಬೂರು, ಅದೂ ಲೈಫ್‌ಗಾರ್ಡ್‌ಗಳು ತೋರಿಸಿದ ಜಾಗದಲ್ಲಿ ಮಾತ್ರ.

ಮೂಡಿಗೆರೆ_ಮಳೆ:
ನಮ್ಮ ಕಡೆಯವರು ಮಂಗಳೂರಿಗೆ ಇಳಿಯುವುದು ಹೆಚ್ಚಾಗಿ ಆಸ್ಪತ್ರೆಗೆ. ಅಂಥವರೂ ಇದನ್ನು ಓದಬಹುದು ಅಂತ ಬರೆಯುತ್ತಿದ್ದೇನೆ. ವೆನ್ಲಾಕ್‌ಗೆ ಹೋಗುವವರು ಹಂಪನಕಟ್ಟೆ, ಫಾದರ್ ಮುಲ್ಲರ್‌ಗೆ ಹೋಗುವವರು ಕಂಕನಾಡಿ, ಹೀಗೆ ಆಸ್ಪತ್ರೆ ಎಲ್ಲಿದೆಯೋ ಅಲ್ಲೇ ರೂಮ್ ಮಾಡಿ. ದೇರಳಕಟ್ಟೆಗೆ ಹೋಗಬೇಕಾದವರು ಪೇಟೆಯಲ್ಲಿ ಉಳಿದರೆ ದಿನಾ ನೇತ್ರಾವತಿ ಸೇತುವೆ, ತೊಕ್ಕೊಟ್ಟು ದಾಟಿ ಓಡಾಡಬೇಕು. ರೋಗಿ ಜೊತೆಗಿದ್ದಾಗ ಅದು ಆಗದ ಕೆಲಸ.

ರೈಲಲ್ಲಿ ಹೋಗುವವರು ಟಿಕೆಟ್ ಸರಿಯಾಗಿ ನೋಡಿಕೊಳ್ಳಿ. ಸೆಂಟ್ರಲ್ ಹಂಪನಕಟ್ಟೆ ಹತ್ತಿರ ಇದೆ, ಜಂಕ್ಷನ್ ಪೇಟೆಯಿಂದ ಹೊರಗೆ ಪಡೀಲ್ ಕಡೆ.

ಕುಡ್ಲದ_ಮಗಳು:
ನಾನು ಮಂಗಳೂರಲ್ಲೇ ಹುಟ್ಟಿ ಬೆಳೆದವಳು, ಮದುವೆಯಾಗಿ ಹಾಸನಕ್ಕೆ ಬಂದೆ. ಅಕ್ಕ, ನೀವು ಹೋಗುವುದು ವಿಜಯದಶಮಿ ದಿನಕ್ಕಾ, ಅದರ ಹಿಂದೆ ಮುಂದೆಯಾ? ಏರಿಯಾ ಆರಿಸುವ ಮೊದಲು ಇದನ್ನು ತೀರ್ಮಾನ ಮಾಡಿ. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ದಸರಾ ಮಂಗಳೂರಿಗೇ ದೊಡ್ಡ ಹಬ್ಬ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ದೇವಸ್ಥಾನ ಅದು. ಶಾರದೆ, ನವದುರ್ಗೆಯರನ್ನು ಕೂರಿಸಿ ಪೂಜೆ ಮಾಡುತ್ತಾರೆ, ರಸ್ತೆ ರಸ್ತೆಗೂ ದೀಪ. ಕೊನೆಯ ದಿನ ಸಂಜೆ ಹೊರಟ ಮೆರವಣಿಗೆ ಲಾಲ್‌ಬಾಗ್, ಹಂಪನಕಟ್ಟೆ ಎಲ್ಲ ಸುತ್ತಿ ರಾತ್ರಿಯಿಡೀ ನಡೆಯುತ್ತದೆ. ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಹಾಸನದಲ್ಲಿ ರೂಮಿಗೆ ಎಷ್ಟು ಒದ್ದಾಟ ನೋಡಿದ್ದೀರಲ್ಲ, ಅಲ್ಲೂ ಹಾಗೇ. ಅವತ್ತು ಪೇಟೆ ಮಧ್ಯೆ ಆಟೋ ನಂಬಿಕೊಳ್ಳಬೇಡಿ. ಮಂಡಿನೋವಿನವರನ್ನು ಕರೆದುಕೊಂಡು ಹೋಗುವುದಾದರೆ ಅದಕ್ಕೆ ಒಂದೆರಡು ದಿನ ಮೊದಲೇ ಹೋಗಿ. ದೇವರ ದರ್ಶನ, ದೀಪ ಎರಡೂ ಸಿಗುತ್ತದೆ, ತಳ್ಳಾಟ ಇರುವುದಿಲ್ಲ.

ಉಳಿಯುವುದಕ್ಕೆ ನನ್ನ ಮಾತು ಕೇಳಿದರೆ ಬಿಜೈನೇ. ಸುರತ್ಕಲ್‌ನಿಂದ ಕದ್ರಿ, ಕುದ್ರೋಳಿ, ಆಮೇಲೆ ವಾಪಸ್ ಅಂದರೆ ಅತ್ತೆಯವರಿಗೆ ದಿನವಿಡೀ ಬಸ್ಸು ಹತ್ತಿ ಇಳಿಯುವುದೇ ಆಗುತ್ತದೆ. ಮಕ್ಕಳಿಗೆ ಸಮುದ್ರ ಒಂದು ಸಂಜೆ ಪೂರ್ತಿ ಕೊಡಿ, ಸಾಕು. ರೂಮ್ ಮಾತ್ರ ಎಸಿದೇ ನೋಡಿ. ಅಕ್ಟೋಬರ್ ಅಂದರೂ ಅಲ್ಲಿ ಬೆವರು ಇಳಿಯುತ್ತದೆ, ಹಾಸನದ ಹವೆಗೆ ಒಗ್ಗಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಮೀನಿಗೆ ಒಳ್ಳೆಯ ಸಮಯ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಆಗಸ್ಟ್‌ನಿಂದ ಮತ್ತೆ ಕಡಲಿಗೆ ಇಳಿಯುತ್ತಾರೆ. ಅಣ್ಣನವರನ್ನು ಮಧ್ಯಾಹ್ನ ಬಂದರು ಕಡೆ ಕಳುಹಿಸಿ, ಬಂಗುಡೆ ತವಾ ಫ್ರೈ, ಕುಚ್ಚಲಕ್ಕಿ ಅನ್ನ. ಅಷ್ಟರಲ್ಲಿ ನೀವು ಅತ್ತೆಯವರ ಜೊತೆ ರಥಬೀದಿ ಕಡೆ ಹೋಗಿ ಸಸ್ಯಾಹಾರಿ ಹೋಟೆಲಲ್ಲಿ ಊಟ ಮಾಡಿ. ಬೆಳಿಗ್ಗೆ ನೀರುದೋಸೆ, ಸಂಜೆ ಬನ್ಸ್, ಗೋಳಿಬಜೆ. ಅವರಿಗೇನೂ ಕಮ್ಮಿ ಆಗುವುದಿಲ್ಲ.

ಮಲ್ಲಿಗೆ_ಹಾಸನ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಜೈ ಅಂತ ಗಟ್ಟಿ ಮಾಡಿಕೊಂಡೆವು, ವಿಜಯದಶಮಿಗೆ ಮುಂಚಿನ ವಾರಾಂತ್ಯ. ಸಮುದ್ರಕ್ಕೆ ಪಣಂಬೂರಾ, ತಣ್ಣೀರುಬಾವಿಯಾ? ಮಕ್ಕಳು ದೋಣಿ ಹತ್ತಬೇಕು ಅಂತಲೂ ಹಟ ಮಾಡುತ್ತಿದ್ದಾರೆ.

ಕುಡ್ಲದ_ಮಗಳು:
ಜನ, ಅಂಗಡಿ ಎಲ್ಲ ಬೇಕಿದ್ದರೆ ಪಣಂಬೂರು. ನೆರಳು, ಸ್ವಲ್ಪ ಶಾಂತಿ ಬೇಕಿದ್ದರೆ ತಣ್ಣೀರುಬಾವಿ, ನಿಮಗೆ ಅದೇ ಸರಿ ಅನಿಸುತ್ತದೆ. ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟುವ ದೋಣಿ ಇದೆ, ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅಲ್ಲೇ ಇದೆ. ದೋಣಿ ಅವತ್ತು ಓಡುತ್ತದಾ, ಕೊನೇದು ಎಷ್ಟು ಗಂಟೆಗೆ ಅಂತ ಹತ್ತುವ ಮೊದಲೇ ಅವರನ್ನೇ ಕೇಳಿ. ಅತ್ತೆಯವರಿಗೆ ದೋಣಿ ಹತ್ತಿ ಇಳಿಯುವುದು ಕಷ್ಟ ಆದರೆ ಅವರನ್ನು ಅಣ್ಣ ಆಟೋದಲ್ಲಿ ಕೂಳೂರು ಮೇಲೆ ಸುತ್ತಿ ಕರೆತರಲಿ, ನೀವು ಮಕ್ಕಳ ಜೊತೆ ದೋಣಿಯಲ್ಲಿ ಬನ್ನಿ. ಆಟೋದವರನ್ನು ಅಲ್ಲೇ ಕಾಯಲು ಹೇಳಿ, ಕತ್ತಲಾದ ಮೇಲೆ ಆ ಕಡೆ ಬೇರೆ ಆಟೋ ಸಿಗುವುದು ಕಷ್ಟ.